ಕುರಿಗೊಂದು ಕಾಳು

ಗುಟ್ಟು ಕಾಪಾಡುವುದರಲ್ಲಿ ಜಹೀರಾಬಾದಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ನಾನು ನಂಬಿದ್ದೆ. ಹೆಂಡತಿ ಸುಭದ್ರೆ ನಂಬಿರಲಿಲ್ಲ. ಅವಳು ಯಾವುದನ್ನು ತಾನೇ ನಂಬುತ್ತಾಳೆ!

ತೆಲಂಗಾಣ ಚಳವಳಿಯ ದಿನಗಳು. ಮರುದಿನದಿಂದ ಬಂದ್. ಅಷ್ಟರೊಳಗೆ ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನ ಕುರಿಗಾರರ ಸಂಘಗಳಲ್ಲಿ ಒಟ್ಟು ಎಷ್ಟು ಕುರಿಗಳಿವೆ ಎಂದು ದನದ ದವಾಖಾನೆಗೆ ತಿಳಿಸಬೇಕಿತ್ತು. ಇಲ್ಲದಿದ್ದರೆ ಲಸಿಕೆ ಬರುವುದಿಲ್ಲ, ಮಳೆಗಾಲದಲ್ಲಿ ಮರಿಗಳು ಉಳಿಯುವುದಿಲ್ಲ. ಆದರೆ ದೃಷ್ಟಿಯಾದೀತೆಂದು ಯಾವ ಸಂಘವೂ ತನ್ನ ಲೆಕ್ಕವನ್ನು ಇನ್ನೊಂದರ ಮುಂದೆ ಬಾಯಿಬಿಡದು.

ಗಣಿತದ ಮಾಸ್ತರನೆಂದು ಈ ಕೆಲಸ ನನ್ನ ಕೊರಳಿಗೆ ಬಿತ್ತು. ನಾನು ಗಂಭೀರವಾಗಿ ಆಜ್ಞೆ ಹೊರಡಿಸಿದೆ: ಪ್ರತಿ ಸಂಘವೂ ಕುರಿಗೊಂದು ಕಾಳಿನಂತೆ ಚೀಲದಲ್ಲಿ ಕಟ್ಟಿ ತರತಕ್ಕದ್ದು. ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಕಲಸಿ ಎಣಿಸುವೆ. ಒಟ್ಟು ಎಷ್ಟೆಂದು ಊರಿಗೆಲ್ಲ ತಿಳಿಯುತ್ತದೆ; ಯಾರದೆಷ್ಟೆಂದು ದೇವರಿಗೂ ತಿಳಿಯುವುದಿಲ್ಲ!

ಮೂರು ಸಂಘಗಳ ಹಿರಿಯರು ನಮ್ಮ ಮನೆಗೆ ಬಂದರು. ಟವೆಲಿನ ಮರೆಯಲ್ಲಿ ಚೀಲಗಳನ್ನು ಸುರಿಸಿದೆ. ಸೌಟಿನಿಂದ ಚೆನ್ನಾಗಿ ಕಲಸಿದೆ. ಟವೆಲ್ ತೆಗೆದೆ.

ತಾಂಡೂರಿನವರದು ತೊಗರಿ. ನಾರಾಯಣಖೇಡಿನವರದು ಹೆಸರು. ನಮ್ಮೂರಿನವರದು ಜೋಳ. ಅವರವರ ಹೊಲದಲ್ಲಿ ಬೆಳೆದದ್ದನ್ನೇ ತಂದಿದ್ದರು!

"ತಾಂಡೂರಿನವ್ರು ಭಾಳ ಕುರಿ ಮಾಡ್ಯಾರಪಾ!" ಎಂದು ನಾರಾಯಣಖೇಡಿನ ಮಾಳಪ್ಪ ಕಣ್ಣರಳಿಸಿದ.

ತಾಂಡೂರಿನ ಬೀರಪ್ಪ ಪಾತ್ರೆಯ ಮೇಲೆ ಟವೆಲ್ ಎಳೆದ. "ಏನ್ರಿ ಮಾಸ್ತರ, ಗುಟ್ಟಂತ ಹೇಳಿ ನಡು ಬಜಾರದಾಗ ನಿಂದ್ರಿಸಿದ್ರಲ್ಲ!"

ಸುಭದ್ರೆ ಅಡುಗೆಮನೆಯಿಂದ ಇಣುಕಿದಳು. "ಎಲ್ಲಾರೂ ಒಂದೇ ಥರದ ಕಾಳು ತರ್ರಿ ಅಂತ ಹೇಳಿದ್ರೇನ್ರಿ?"

"ಅದೊಂದು ಹೇಳೂದು ಮರೆತೆ," ಎಂದೆ. ತಕ್ಷಣ ಉಪಾಯ ಹೊಳೆಯಿತು. "ಎಲ್ಲಾ ಕೂಡಿಸಿ ಬೀಸಿಬಿಡು. ಯಾರದು ಯಾವುದು ಅಂತ ಗೊತ್ತಾಗೂದಿಲ್ಲ!"

"ಹಿಟ್ಟು ಎಣಿಸಾಕ ಬರ್ತದೇನ್ರಿ?"

ಗಣಿತದ ಮಾಸ್ತರ ಸೌಟು ಕೆಳಗಿಟ್ಟ.

ಅಷ್ಟರಲ್ಲಿ ಮಾಳಪ್ಪ ಟವೆಲಿನ ಅಂಚೆತ್ತಿ ಇಣುಕಿ, ಜೋಳ ಕಡಿಮೆಯಿದ್ದದ್ದು ಕಂಡು ನಕ್ಕ. ನಮ್ಮೂರಿನ ಮಲ್ಲಪ್ಪನಿಗೆ ಸಿಟ್ಟು ನೆತ್ತಿಗೇರಿತು. "ನಗಬ್ಯಾಡ! ದೃಷ್ಟಿ ಆದೀತಂತ ಅರ್ಧಾನೇ ತಂದೀನಿ. ನಮ್ಮವು ಆರ್‌ನೂರ ಅವ!"

"ನಾನೂ ಅರ್ಧಾನೇ ತಂದೀನಿ!" ಎಂದ ಮಾಳಪ್ಪ.

"ನಾ ಏನ್ ಪೂರಾ ತಂದೀನೇನು?" ಎಂದ ಬೀರಪ್ಪ.

ಗುಟ್ಟೂ ಹೋಯಿತು, ಲೆಕ್ಕವೂ ಸುಳ್ಳಾಯಿತು! ಮೂವರೂ ಹಟಕ್ಕೆ ಬಿದ್ದು ಓಣಿಗೆಲ್ಲ ಕೇಳುವಂತೆ ತಮ್ಮ ತಮ್ಮ ನಿಜವಾದ ಲೆಕ್ಕ ಕೂಗಿದರು. ನಾನು ಕೂಡಿಸಿ ದವಾಖಾನೆಗೆ ಫೋನು ಮಾಡಿದೆ.

ಬಂದ್ ಮುಗಿಯುತ್ತಲೇ ಲಸಿಕೆ ಬಂತು. ಮರಿಗಳು ಉಳಿದವು. ಕರೆದು ಶಾಲು ಹೊದಿಸುತ್ತಾರೆಂದು ಕಾದೆ. ಯಾರೂ ಕರೆಯಲಿಲ್ಲ. ಆದರೆ ನನ್ನನ್ನು ಮರೆತಿಲ್ಲ. ಮೂರೂ ಕಡೆ ಕುರಿಗಳಿಗೆ ದೃಷ್ಟಿ ತೆಗೆಯುವಾಗ ಈಗ ಹೀಗೆ ಹೇಳುತ್ತಾರಂತೆ: "ನಾಯಿ ಕಣ್ಣು, ನರಿ ಕಣ್ಣು, ಲೆಕ್ಕದ ಮಾಸ್ತರನ ಕಣ್ಣು!"