ಮೂರು ಎಕ್ಕಾದ ಖಟ್ಲೆ

ಇಚಲಕರಂಜಿಯಲ್ಲಿ ನನ್ನ ಬಗ್ಗೆ ಯಾರನ್ನು ಕೇಳಿದರೂ ಒಳ್ಳೆಯ ಮಾತೇ ಆಡುತ್ತಿದ್ದ ಒಂದು ಕಾಲವಿತ್ತು. ಸ್ವಂತದ ನಾಲ್ಕು ಮಗ್ಗ, ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಮೆತ್ತಗಿನ ಮಾತು. ನಾನು ಸಜಾ ಅನುಭವಿಸಿದ ಅಪರಾಧಿ ಎಂಬ ಸಣ್ಣ ಸಂಗತಿ ಇಬ್ಬರಿಗೆ ಮಾತ್ರ ತಿಳಿದಿತ್ತು. ಒಬ್ಬಳು ನನ್ನ ಹೆಂಡತಿ ಪಾರ್ವತಿ, ಇನ್ನೊಂದು ಸರಕಾರ. ಪಾರ್ವತಿ ಅದನ್ನು ಯಾರಿಗೂ ಹೇಳಿರಲಿಲ್ಲ. ನನಗೆ ಮಾತ್ರ ಆಗಾಗ ಹೇಳುತ್ತಿದ್ದಳು. ಸರಕಾರವೂ ಪಾಪ, ಸುಮ್ಮನೇ ಇತ್ತು. ಸುಮ್ಮನಿದ್ದ ಸರಕಾರವನ್ನು ಎಬ್ಬಿಸಿದವನು ನಾನೇ.

ಅಪರಾಧವೆಂದರೆ ಇಸ್ಪೀಟು. ಸಂಸ್ಥಾನದ ಕಾಲ. ಮಗಳು ಶಾಂತಾ ಇನ್ನೂ ತೊಟ್ಟಿಲಲ್ಲಿದ್ದಳು. ಅಮಾವಾಸ್ಯೆಯ ದಿನ ಮಗ್ಗಕ್ಕೆ ರಜೆ. ಕೊರೋಚಿಯ ಒಂದು ಗೋದಾಮಿನಲ್ಲಿ ಶಿರೋಳ, ಕಾಗಲ ಕಡೆಯ ಮಂದಿಯ ನಡುವೆ ನಾನೂ ಮೂರೆಲೆ ಆಡಲು ಕೂತಿದ್ದೆ. ಪೋಲೀಸರು ಬಂದರು. ಎಲ್ಲರೂ ಹಿಂದಿನ ಬಾಗಿಲಿನಿಂದ ಓಡಿದರು. ನಾನು ಓಡಲಿಲ್ಲ. ಧೈರ್ಯವಂತನೆಂದಲ್ಲ. ನನ್ನ ಕೈಯಲ್ಲಿ ಮೂರು ಎಕ್ಕಾ ಇದ್ದವು!

ಎರಡನ್ನು ಕಣ್ಣಾರೆ ಕಂಡಿದ್ದೆ. ಮೂರನೆಯದರ ಅಂಚನ್ನಷ್ಟೇ ಮೆಲ್ಲಗೆ ಸರಿಸಿದ್ದೆ. ಆದರೆ ಎಕ್ಕಾ ಬಂದರೆ ಆಡುವವನ ಬೆರಳಿಗೇ ಗೊತ್ತಾಗುತ್ತದೆ. ಮೂರೆಲೆಯಲ್ಲಿ ಮೂರು ಎಕ್ಕಾಕ್ಕಿಂತ ದೊಡ್ಡದಿಲ್ಲ; ಅಂಥ ಎಲೆ ಬಿಟ್ಟು ಓಡುವುದು ಹೇಗೆ? "ಸಾಹೇಬ್ರ, ಇದೊಂದು ಡಾವ್ ಮುಗೀಲ್ರಿ" ಎಂದು ಫೌಜದಾರರಿಗೆ ಕೈಮುಗಿದು ಕೇಳಿದೆ. ಅವರು ನನ್ನ ಮೂರೂ ಎಲೆಗಳನ್ನು ಕಸಿದು, ಮಗುಚಿ, ದಾರ ಕಟ್ಟಿಬಿಟ್ಟರು.

ಶಿಕ್ಷೆ ಏನಾಯಿತೆಂದರೆ, ಒಂದಿಷ್ಟು ದಂಡ ಮತ್ತು ಕೋರ್ಟು ಏಳುವವರೆಗೆ ಸಜಾ. ಅಂದರೆ ನ್ಯಾಯಾಧೀಶರು ಎದ್ದು ಮನೆಗೆ ಹೋಗುವ ತನಕ ಕೋರ್ಟಿನ ಮೂಲೆಯಲ್ಲಿ ಕೂತಿರಬೇಕು. ನಾನು ಕೂತಲ್ಲೇ ನಿದ್ದೆ ಹೋದೆ. ನ್ಯಾಯಾಧೀಶರು ಎದ್ದರು, ನಾನು ಏಳಲಿಲ್ಲ. ಕಸ ಗುಡಿಸುವವನು ಬಂದು ಎಬ್ಬಿಸಿದ. ವಿಧಿಸಿದ್ದಕ್ಕಿಂತ ಹೆಚ್ಚು ಸಜಾ ಅನುಭವಿಸಿದ ಕೈದಿ ನಮ್ಮ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ಸಂಸ್ಥಾನ ಹೋಯಿತು, ಮುಂಬಯಿ ರಾಜ್ಯ ಬಂದು ಅದೂ ಹೋಯಿತು, ಮಹಾರಾಷ್ಟ್ರ ಬಂತು. ಶಾಂತಾ ದೊಡ್ಡವಳಾದಳು. ಗಡಹಿಂಗ್ಲಜದಿಂದ ಸಂಬಂಧ ಬಂತು. ಹುಡುಗ ಸಾಲೆಯ ಮಾಸ್ತರ, ಚಿನ್ನದಂಥವನು. ಅವನ ತಂದೆ ಮಾತ್ರ ಕೋರ್ಟಿನಲ್ಲಿ ನಾಜರರಾಗಿ ನಿವೃತ್ತರಾದವರು. ಕೋರ್ಟಿನ ಜಪ್ತಿ ಸಾಮಾನೆಲ್ಲ ಕಾದ ಮನುಷ್ಯ. ಹೆಣ್ಣು ನೋಡಲು ಬಂದಾಗ ನನ್ನನ್ನೇ ಹೆಚ್ಚು ನೋಡಿದರು. ಮುಂದಿನ ಸಲ ಬಂದು ಮಾತು ಪಕ್ಕಾ ಮಾಡುತ್ತೇವೆಂದು ಹೇಳಿ ಹೋದರು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ನನ್ನ ಇಸ್ಪೀಟಿಗಾಗಿ ಮಗಳ ಮದುವೆ ಮುರಿದರೆ ಅವಳ ಮುಖವನ್ನು ಹೇಗೆ ನೋಡಲಿ?

ಆಗ ಕಿವಿಗೆ ಬಿದ್ದದ್ದು ಹೊಸ ಕಾಯದೆ. ಹಳೆಯ ಸಣ್ಣಪುಟ್ಟ ಖಟ್ಲೆಗಳ ಕಾಗದಕ್ಕೆ ಹೊಸ ರಾಜ್ಯದವರು ಅರಗು ಹಾಕಿ, ಮೊಹರು ಒತ್ತಿ, ಯಾರೂ ಓದದಂತೆ ಮುಚ್ಚಿಬಿಡುತ್ತಾರಂತೆ!

"ಸುಮ್ಮ ಕುಂದರ್ರಿ," ಎಂದಳು ಪಾರ್ವತಿ. "ಯಾರೂ ಕೇಳಿಲ್ಲ, ನೀವು ಯಾಕ ಹೇಳಾಕ ಹೊಂಟೀರಿ?"

"ಹೇಳಾಕ ಅಲ್ಲಾ, ಮುಚ್ಚಾಕ ಹೊಂಟೇನಿ. ಕಾಯದೆದ ಮಾತು ನಿನಗ ತಿಳಿಯಂಗಿಲ್ಲ," ಎಂದೆ.

ಹೀಗೆ ಹೆಂಡತಿಗೆ ಕಾಯದೆ ಕಲಿಸಿ, ಕೊಲ್ಹಾಪುರದ ವಕೀಲರೊಬ್ಬರಿಗೆ ಹೇಳಿ ಕಳಿಸಿದೆ. ಅವರ ಕಚೇರಿಗೆ ಹೋದರೆ ಪರಿಚಯದವರ ಕಣ್ಣಿಗೆ ಬಿದ್ದೇನೆಂದು ನಮ್ಮ ಮಗ್ಗದ ಶೆಡ್ಡಿಗೇ ಕರೆಸಿದೆ. ಗುಟ್ಟಿನ ಮಾತು ಆಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲವೆಂದು ನನ್ನ ಲೆಕ್ಕಾಚಾರ. ಕರೆಂಟಿನ ಮಗ್ಗಗಳ ಖಟಖಟದಲ್ಲಿ ಪಕ್ಕದವನ ಮಾತೇ ಕೇಳಿಸುವುದಿಲ್ಲ. ನಮ್ಮ ಓಣಿಯಲ್ಲಿ ಮನೆಗೊಂದು ಶೆಡ್ಡು. ಹುಟ್ಟಿದ ಕೂಸು ಕೂಡ ಮಗ್ಗದ ಸದ್ದನ್ನು ಮೀರಿ ಕೇಳಿಸುವ ಹಾಗೆಯೇ ಅಳುತ್ತದೆ.

ವಕೀಲರು ಕಿವಿಗೆ ಕೈ ಹಚ್ಚಿ, "ಕಾಯ್? ಏನಂದ್ರಿ? ಯಾವ ಖಟ್ಲೆ?" ಎಂದು ಕೂಗಿದರು.

ನಾನು ಅವರ ಕಿವಿಯ ಹತ್ತಿರ ಬಾಯಿಟ್ಟು, ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ಒದರಿದೆ. ಅದೇ ಗಳಿಗೆಗೆ ಕರೆಂಟು ಹೋಯಿತು. ಇಡೀ ಓಣಿಯ ಮಗ್ಗಗಳು ಒಮ್ಮೆಲೇ ನಿಂತವು. ಆ ನಿಶ್ಶಬ್ದದಲ್ಲಿ ನನ್ನ ದನಿಯೊಂದೇ ಉಳಿಯಿತು:

"ನಾ ಜೂಗಾರಿ ಖಟ್ಲ್ಯಾಗ ಸಜಾ ತಿಂದೇನ್ರಿ! ಯಾರಿಗೂ ಗೊತ್ತಾಗಬಾರ್ದ್ರಿ!"

ಎದುರಿನ ಶೆಡ್ಡಿನಿಂದ ಯಾರೋ ಬಹಳ ಗೌರವದಿಂದ ಉತ್ತರ ಕೊಟ್ಟರು: "ಆಗ್ಲಿರಿ ಅಣ್ಣಾರ, ಯಾರಿಗೂ ಹೇಳೂದಿಲ್ರಿ!"

ಇಲ್ಲಿಗೆ ನಿಲ್ಲಿಸಿದ್ದರೆ ಓಣಿಯಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಓಣಿಗೆ ಗೊತ್ತಾದ ಮೇಲೆ ಕಾಗದವನ್ನಾದರೂ ಬೇಗ ಮುಚ್ಚಿಸಬೇಕಲ್ಲ! ಅರ್ಜಿ ಹಾಕಿದೆ. ವಕೀಲರು ಹೋಗಿ ಬಂದು, ನಯವಾಗಿ ಹೇಳಿದರು:

"ಒಂದು ಸಣ್ಣ ಕೆಲಸ ಉಳದೈತಿ. ಖಟ್ಲೆ ಮುಚ್ಚಬೇಕಂದ್ರ ಯಾರದೂ ತಕರಾರು ಇರಬಾರ್ದು. ತಕರಾರು ಐತೋ ಇಲ್ಲೋ ತಿಳೀಬೇಕಂದ್ರ ಊರಿಗೆಲ್ಲಾ ತಿಳಿಸಬೇಕು."

"ಅಂದ್ರ?"

"ಅಂದ್ರ ದವಂಡಿ. ಡಂಗುರಾ ಸಾರಿಸಬೇಕ್ರಿ."

ಒಂದು ಗುಟ್ಟನ್ನು ಕಾಪಾಡುವ ಸಲುವಾಗಿ ಅದನ್ನು ಡೋಲು ಬಡಿದು ಸಾರುವುದು! ನಾನು ಪಾರ್ವತಿಯ ಮುಖ ನೋಡಿದೆ. ಅವಳು ಅಕ್ಕಿ ಆರಿಸುವುದರಲ್ಲೇ ಮುಳುಗಿದ್ದಳು. ಕಾಯದೆಯ ಮಾತು ಅವಳಿಗೆ ತಿಳಿಯುವುದಿಲ್ಲವೆಂದು ನಾನೇ ಹೇಳಿದ್ದೆನಲ್ಲ.

ಡಂಗುರದವನು ಪ್ರಾಮಾಣಿಕ ಮನುಷ್ಯ. ಮೆಲ್ಲಗೆ ಬಾರಿಸಪ್ಪಾ ಎಂದು ಬೇಡಿಕೊಂಡರೆ, ಸರಕಾರಿ ಕೆಲಸದಲ್ಲಿ ಕಸರು ಮಾಡುವುದಿಲ್ಲ ಎಂದ. ಪೇಟೆಯಿಂದ ಆರಂಭಿಸಿ ಓಣಿ ಓಣಿ ನಿಂತು, ಮೊದಲು "ಐಕಾ ಹೋ ಐಕಾ!" ಎಂದು ಮರಾಠಿಯಲ್ಲಿ, ಆಮೇಲೆ ಯಾರಿಗೂ ಅನ್ಯಾಯವಾಗಬಾರದೆಂದು "ಕೇಳ್ರಿ ಹೋ ಕೇಳ್ರಿ!" ಎಂದು ಕನ್ನಡದಲ್ಲಿ, ನನ್ನ ಹೆಸರು, ಅಪರಾಧ, ಶಿಕ್ಷೆ ಎಲ್ಲ ಸಾರಿದ. ಕೊನೆಗೆ, "ಈ ಸಂಗತಿ ಮುಚ್ಚಿಡಾಕ ಯಾರದರ ತಕರಾರು ಇದ್ರ ಮುಂದ ಬರ್ರಿ ಹೋ!"

ಹೇಳಿ ಕಳಿಸದೆ, ಸರಿಯಾಗಿ ಆ ದಿನವೇ, ಗಡಹಿಂಗ್ಲಜದ ನಾಜರರು ಎಸ್.ಟಿ. ಬಸ್ಸಿನಿಂದ ಇಳಿದರು. ಒಬ್ಬರೇ ಬಂದದ್ದರಿಂದ ನಮ್ಮ ಓಣಿಯ ದಾರಿ ತಪ್ಪಿತು. ಎದುರಿಗೆ ಸಿಕ್ಕವನನ್ನು ನಮ್ಮ ಮನೆ ಎಲ್ಲಿ ಎಂದು ಕೇಳಿದರು. ಸಿಕ್ಕವನು ಡಂಗುರದವನೇ.

"ಅವರ ಮನೀ ಏನ್ರಿ? ಅವರ ಕೆಲಸದಾಗ ಅದೇನಿ. ನನ್ನ ಹಿಂದ ಬರ್ರಿ!" ಎಂದನಂತೆ.

ಹೀಗೆ ಮುಂದೆ ಡೋಲು, ಹಿಂದೆ ಬೀಗರು, ಅವರ ಹಿಂದೆ ಅರ್ಧ ಊರು ನಮ್ಮ ಬಾಗಿಲಿಗೆ ಬಂದು ನಿಂತಿತು. ಯಾವ ಮದುವೆಯಲ್ಲೂ ಬೀಗರನ್ನು ಇಷ್ಟು ವೈಭವದಿಂದ ಎದುರುಗೊಂಡಿಲ್ಲ. ಬಾಗಿಲಲ್ಲಿ ನಿಂತು ಕೊನೆಯ ಸಲ ಪೂರ್ತಿ ಸಾರಿ, ಡಂಗುರದವನು ಚಹಾ ಕೇಳಿದ.

ನಾಜರರು ಒಳಗೆ ಬಂದು ಚಾಪೆಯ ಮೇಲೆ ಕೂತರು. ನಾನು ನಿಂತೇ ಇದ್ದೆ. ಅಡುಗೆಮನೆಯ ಬಾಗಿಲಲ್ಲಿ ಶಾಂತಾ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು. ಅವಳ ಮುಖ ನೋಡಿ ನನಗೆ ಅಳುವೇ ಬಂತು.

"ನಂದು ತಕರಾರು ಐತಿ," ಎಂದರು ನಾಜರರು.

ಮುಗಿಯಿತು ಎಂದುಕೊಂಡೆ.

"ಹೆಣ್ಣ ನೋಡಾಕ ಬಂದ ದಿವಸನ ನಾ ನಿಮ್ಮ ಗುರ್ತಾ ಹಿಡದೇನ್ರಿ. ಆಗ ನಾ ಇಲ್ಲಿ ಕೋರ್ಟಿನ್ಯಾಗ ಕಾರಕೂನ ಇದ್ನಿ. ನೀವು ಗೊರಕಿ ಹೊಡದ್ದೂ ನೆನಪೈತಿ. ಹೊಟ್ಟ್ಯಾಗ ಹಾಕ್ಕೊಂಡು ಸುಮ್ಮ ಇದ್ನಿ. ಇದನ್ನ ಮುಚ್ಚಾಕ ಹೇಳಿದಾವ್ರು ಯಾರು ನಿಮಗ?"

ಪಾರ್ವತಿ ಒಳಗಿನಿಂದ, "ಯಾರೂ ಹೇಳಿಲ್ರಿ ಅಣ್ಣಾರ, ಇವರಿಗೇ ಹೊಳದೈತಿ!" ಎಂದಳು.

ನಾನು ಕೈಮುಗಿದೆ. "ತಪ್ಪಾತ್ರಿ ಬೀಗರ. ಹುಡುಗೀದೇನೂ ತಪ್ಪಿಲ್ರಿ. ಆವತ್ತು ನಾನೂ ಓಡಿ ಹೋಗತಿದ್ನಿ, ಕೈಯಾಗ ಮೂರು ಎಕ್ಕಾ ಇದ್ದೂ ಅಂತ..."

"ಇಲ್ಲ," ಎಂದರು ನಾಜರರು. "ಮೂರು ಇರಲಿಲ್ಲ."

"ಏನ್ರಿ?"

"ಜಪ್ತಿ ಮಾಡಿದ ಮುದ್ದೇಮಾಲಿಗೆ ಚೀಟಿ ಹಚ್ಚಿದಾವ ನಾನ. ದಾರಾ ಬಿಚ್ಚಿ ನೋಡೇನಿ. ಎರಡು ಎಕ್ಕಾ. ಮೂರನೇದ್ದು ಕಳಾವರ ಎರಡರ ಎಲಿ."

ಮುಗಿದ ಕೈ ಮುಗಿದಂತೆಯೇ ಉಳಿಯಿತು. ಜೂಜುಗಾರ ಎನಿಸಿಕೊಂಡದ್ದನ್ನು ತಾಳಿಕೊಂಡೆ, ಡಂಗುರವನ್ನೂ ತಾಳಿಕೊಂಡೆ. ಇದನ್ನು ತಾಳಲಾಗಲಿಲ್ಲ. ಇಷ್ಟು ವರ್ಷ, ಸಜಾ ಆದರೂ ಮೂರು ಎಕ್ಕಾಕ್ಕೆ ಆಯಿತಲ್ಲ ಎಂಬ ಒಂದೇ ಸಮಾಧಾನದಲ್ಲಿ ಬದುಕಿದ್ದೆ!

ನಾಜರರು ಅಡುಗೆಮನೆಯ ಕಡೆ ತಿರುಗಿದರು. "ಅಕ್ಕಾರ, ಸಕ್ರಿ ತರ್ರಿ. ಸಂಬಂಧ ಪಕ್ಕಾ. ತನ್ನ ಕೈಯಾಗಿನ ಎಲಿ ತನಗ ಗೊತ್ತಿಲ್ಲದ ಮನಷ್ಯಾ, ಇವರಿಂದ ನಮಗ ಮೋಸಾ ಆಗೂ ಮಾತ ಇಲ್ಲ."

ಶಾಂತಾ ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೂ ಸಂತೋಷವಾಯಿತು. ಹೇಗೆ ಮುಖ ಮಾಡಬೇಕೆಂದು ಮಾತ್ರ ತಿಳಿಯಲಿಲ್ಲ.

ಮದುವೆ ಚೆನ್ನಾಗಿ ಆಯಿತು. ಅದಾದ ಎಷ್ಟೋ ದಿನಗಳ ಮೇಲೆ, ನನ್ನ ಅಪರಾಧದ ಕಾಗದಕ್ಕೆ ಮೊಹರು ಬಿದ್ದಿದೆ, ಇನ್ನು ಯಾರೂ ಅದನ್ನು ನೋಡಕೂಡದು ಎಂದು ವಕೀಲರು ತಿಳಿಸಿದರು. ಆದರೆ ಕಳಾವರ ಎರಡರ ಸುದ್ದಿ ಅಷ್ಟರೊಳಗೆ ಗಡಹಿಂಗ್ಲಜದಿಂದ ಕೊರೋಚಿಯವರೆಗೆ ಮುಟ್ಟಿತ್ತು. ನಾನು ಜೂಜಾಡಿದ್ದನ್ನು ಊರು ಎಂದೋ ಮರೆತಿದೆ. ಇಲ್ಲದ ಎಕ್ಕಾ ನಂಬಿ ಸಜಾಕ್ಕೆ ಕೂತದ್ದನ್ನು ಮಾತ್ರ ಯಾರೂ ಮರೆಯಲೊಲ್ಲರು. ಅದನ್ನೂ ಮುಚ್ಚಲು ಬರುತ್ತದೆಯೇ ಎಂದು ವಕೀಲರನ್ನು ಕೇಳಿದೆ.

ಬರುವುದಿಲ್ಲವಂತೆ. ಪೆದ್ದತನ ಅಪರಾಧವಲ್ಲವಂತೆ.