ಅತ್ತೆ, ಏಣಿ ಮತ್ತು ಪ್ಯೂಬ್ಲೊ ಗೋಡೆ

ದೆವ್ವ, ಜಾತಕ, ಶಕುನ ಯಾವುದನ್ನೂ ನಾನು ನಂಬುವುದಿಲ್ಲ. ಆದರೂ ಪ್ರಾಣಭಯ ನನ್ನನ್ನು ಹುಡುಕಿಕೊಂಡು ಬರುತ್ತಲೇ ಇರುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ, ಅತ್ತೆ ಲಂಡನ್ನಿಗೆ ಬಂದಿದ್ದ ವರ್ಷ, ಅದು ನಮ್ಮ ಮನೆಯಲ್ಲೇ ಇಳಿದುಕೊಂಡಿತ್ತು.

ಬೆಂಕಿ

ನಾನು ಮೈಸೂರಿನವನು, ಅತ್ತೆ ಧಾರವಾಡದ ಕಡೆಯವರು. ಅಳಿಯನೊಡನೆ ನೇರವಾಗಿ ಮಾತಾಡುವುದು ಅವರ ಮನೆತನದಲ್ಲಿ ಮರ್ಯಾದೆಯಲ್ಲ. ಹೇಳುವುದೆಲ್ಲ ಮಗಳ ಮೂಲಕ. ಗ್ರೀನ್‌ಫರ್ಡ್‌ನ ಫ್ಲ್ಯಾಟಿನಲ್ಲಿದ್ದವರು ಮೂವರು. ಅವರಲ್ಲಿ ಒಬ್ಬಳು ರಾಯಭಾರಿ.

ಒಂದು ಬೆಳಿಗ್ಗೆ ಚಹಾ ಕಾಸುತ್ತಿದ್ದೆ. ಪಕ್ಕದಲ್ಲೇ ನಿಂತಿದ್ದ ಅತ್ತೆ, ಬಚ್ಚಲಲ್ಲಿದ್ದ ಮಗಳಿಗೆ ಕೂಗಿದರು: "ಅವರ ಅಂಗಿ ತೋಳಿಗೆ ಬೆಂಕಿ ಹತ್ತೇತಿ ಅಂತ ಹೇಳವಾ!"

ಮಗಳು ನಲ್ಲಿ ನಿಲ್ಲಿಸಿ, "ಏನಂದಿ?" ಎಂದಳು.

ಅತ್ತೆ ಸಾವಕಾಶವಾಗಿ ಮತ್ತೊಮ್ಮೆ ಹೇಳಿದರು. ಅಷ್ಟರಲ್ಲಿ ತೋಳೇ ಸುದ್ದಿ ಮುಟ್ಟಿಸಿತ್ತು.

ಎಚ್ಚರಿಕೆ

ಆ ಬೇಸಿಗೆಯಲ್ಲಿ ಮೂವರೂ ಅಮೆರಿಕದ ನ್ಯೂ ಮೆಕ್ಸಿಕೋಗೆ ಹೋದೆವು. ಅಲ್ಲಿನ ಮೂಲನಿವಾಸಿಗಳಾದ ಪ್ಯೂಬ್ಲೊ ಜನ ಬಂಡೆಯ ಮಗ್ಗುಲಲ್ಲಿ ಕಲ್ಲುಮಣ್ಣಿನಿಂದ ಕಟ್ಟಿದ ಪುರಾತನ ಊರನ್ನು ಹೆಂಡತಿ ಟೀವಿಯಲ್ಲಿ ನೋಡಿ ಹಟ ಹಿಡಿದಿದ್ದಳು. ಆ ಜನ ಅಷ್ಟು ಎತ್ತರವನ್ನು ಬಿಟ್ಟು ಶತಮಾನಗಳಾಗಿವೆ. ಅವರ ವಂಶದವರು ಈಗ ಹತ್ತಿರದಲ್ಲೇ ಸಮತಟ್ಟು ನೆಲದಲ್ಲಿದ್ದಾರೆ. ಬುದ್ಧಿವಂತರು.

ಗೈಡ್ ಹೆಂಗಸು ಶುರುವಿನಲ್ಲೇ ಹೇಳಿದಳು: "ಮೇಲೆ ಹಾವುಗಳಿರಬಹುದು. ದಾರಿಯೆಂದರೆ ಏಣಿಯೇ. ಎತ್ತರದ ಭಯ ಯಾರಿಗಾದರೂ ಇದೆಯೆ?"

ನಾನು ಇಲ್ಲವೆಂದು ತಲೆಯಾಡಿಸಿದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು ಅಷ್ಟು ಜನರೆದುರು ಇನ್ನೇನು ಹೇಳಬೇಕು?

ಅತ್ತೆ ಮಗಳತ್ತ ಬಾಗಿದರು. "ಅವರ ಮಾರಿ ಬಿಳಚೇತಿ. ಮೊದಲ ಒಂದಕ್ಕ ಹೋಗಿ ಬರಾಕ ಹೇಳು."

ಹತ್ತುವುದು

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸರಸರನೆ ಹತ್ತಿದರು. ಮೇಲೆ ನಿಂತು ಸುತ್ತ ನೋಡಿ ತೀರ್ಪು ಕೊಟ್ಟರು: "ಇದೇನ ಹೊಸಾದು? ನಮ್ಮೂರ ಮಣ್ಣಿನ ಮಾಳಗಿ ಮನಿ ಇದ್ದಂಗ ಐತಿ. ಮೆಣಸಿನಕಾಯಿ ಒಣಗಸಾಕ ಚಲೋ ಜಾಗಾ."

ನಾನು ಏಣಿಯ ನಡುವೆ ಇದ್ದೆ, ಹೆಂಡತಿ ನನ್ನ ಕೆಳಗೆ. ನಡುವೆಯೇ ಉಳಿದೆ. ಕೈಗಳು ಏಣಿಯನ್ನು ತಬ್ಬಿಕೊಂಡಿದ್ದವು, ಬಿಡು ಎಂದರೆ ಕೇಳುತ್ತಿರಲಿಲ್ಲ. ಬೆವರು ಕಣ್ಣಿಗಿಳಿಯುತ್ತಿತ್ತು.

ಮೇಲಿನಿಂದ ಅತ್ತೆ: "ಕೆಳಗ ನೋಡಬ್ಯಾಡ್ರಿ ಅಂತ ಹೇಳು!"

ಕೆಳಗಿನಿಂದ ಹೆಂಡತಿ: "ರೀ, ಕೆಳಗೆ ನೋಡಬಾರದಂತೆ!"

ಏನೆಂದಳೆಂದು ಕೆಳಗೆ ನೋಡಿದೆ.

ಇಳಿಯುವುದು

ಹೇಗೋ ಹತ್ತಿದ್ದೆ. ಇಳಿಯುವ ಹೊತ್ತಿಗೆ ಹೆಂಡತಿ, ಗೈಡ್, ಉಳಿದವರೆಲ್ಲ ಕೆಳಗೆ ತಲುಪಿದ್ದರು. ಮೇಲೆ ಉಳಿದವರು ಅತ್ತೆ ಮತ್ತು ನಾನು. ಗೋಡೆಯೊಂದಕ್ಕೆ ಬೆನ್ನು ಒತ್ತಿ ಕುಳಿತೆ. ಬಂಡೆಯ ಅಂಚು ನನ್ನತ್ತ ಸರಿಯುತ್ತಿರುವಂತೆ ಕಂಡಿತು. ಅದು ಭ್ರಮೆ ಎಂದು ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಉಪಯೋಗವಾಗಲಿಲ್ಲ. ಇಲ್ಲೇ ಸಾಯುತ್ತೇನೆ, ಅಥವಾ ಹಗ್ಗ ಕಟ್ಟಿ ಇಳಿಸುತ್ತಾರೆ. ಎರಡನೆಯದೇ ಹೆಚ್ಚು ಭಯಂಕರ.

ಅತ್ತೆಗೆ ಈಗ ರಾಯಭಾರಿ ಇಲ್ಲ. ಸ್ವಲ್ಪ ಯೋಚಿಸಿ, ಆ ಪುರಾತನ ಗೋಡೆಯತ್ತ ತಿರುಗಿದರು.

"ಗ್ವಾಡವ್ವಾ, ಏಣಿಗೆ ಮಾರಿ ಮಾಡಿ ಇಳದರ ಅಂಜಿಕಿ ಆಗಂಗಿಲ್ಲ ಅಂತ ಅವರಿಗೆ ಹೇಳು."

ಗೋಡೆ ಹೇಳಲಿಲ್ಲ. ನಾನೂ ಏಳಲಿಲ್ಲ. ಕೆಳಗಿನವರು ಕೈಬೀಸಿ ಕರೆಯುತ್ತಿದ್ದರು. ಅತ್ತೆ ಇನ್ನೊಂದು ಸಲ ಗೋಡೆಗೆ ಹೇಳಿದರು. ಆಮೇಲೆ, ಮದುವೆಯಾದಂದಿನಿಂದ ಮೊದಲ ಬಾರಿಗೆ, ನನ್ನ ಮುಖ ನೋಡಿ ಮಾತಾಡಿದರು:

"ಏ ಮಂಗ್ಯಾ! ಬೆನ್ನ ಹಿಂದ ಹಾವೈತಿ! ಇಳಿ!"

ಇಳಿದೆ. ಏಣಿ ಕಾಲಿಗೆ ತಗುಲಿದ ನೆನಪಿಲ್ಲ.

ಲಂಡನ್ನಿಗೆ ಮರಳಿದ ಮೇಲೆ ಆ ಹಾವಿನ ಕತೆ ನನ್ನ ಮರ್ಯಾದೆ ಉಳಿಸಿತು. ಏಣಿಯ ಭಯ ನಗೆಪಾಟಲು. ಹಾವಿನಿಂದ ಪಾರಾದವನಿಗೆ ಗೌರವವುಂಟು. ಈಸ್ಟ್ ಹ್ಯಾಮ್‌ನ ಗೆಳೆಯರಿಗೆ ಹೇಳಿದಾಗ ಹಾವು ಮಾರುದ್ದ ಇತ್ತು, ಊರಿನ ಇನ್ನೊಂದು ತುದಿಯ ಹೌನ್ಸ್ಲೋ ತಲುಪುವಷ್ಟರಲ್ಲಿ ಹೆಡೆ ಬಂದಿತ್ತು. ಒಂದು ಭಾನುವಾರ ಗೆಳೆಯರೆಲ್ಲ ಗ್ರೀನ್‌ಫರ್ಡ್‌ಗೆ ಬಂದರು. ಹಾವು ಬುಸ್ಸೆನ್ನುವ ಜಾಗಕ್ಕೆ ನಾನು ಬಂದಿದ್ದೆ. ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಅವಲಕ್ಕಿ ಬಡಿಸುತ್ತಿದ್ದ ಅತ್ತೆ ನನ್ನ ಪಕ್ಕದಲ್ಲೇ ನಿಂತು, ಅಡುಗೆಮನೆಯಲ್ಲಿದ್ದ ಮಗಳಿಗೆ ಕೂಗಿ ಹೇಳಿದರು:

"ಅಲ್ಲಿ ಹಾವು ಇರಲಿಲ್ಲ ಅಂತ ಅವರಿಗೆ ಮಾತ್ರ ಹೇಳಬ್ಯಾಡವಾ!"