ಎರಡೇ ಗಂಟೆ ಮೇಲಿನ ಮನೆಯಲ್ಲಿ

ಕನ್ನಡಕದಂಗಡಿ ಯಜಮಾನರಿಗೆ ಮೈಕು ಕಂಡರೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ಬಾಡಿಗೆ ಮನೆಗಳನ್ನು ನಗರಸಭೆಯವರು ವರ್ಷಕ್ಕೊಮ್ಮೆ ತಪಾಸಣೆ ಮಾಡಬೇಕೋ ಬೇಡವೋ ಎಂದು ವಾರ್ಡಿನ ಸಭೆಯಲ್ಲಿ ಚರ್ಚೆ ನಡೆದಿತ್ತು. ಮನೆ ಮಾಲೀಕರೆಲ್ಲ ಬೇಡ ಬೇಡ ಎಂದು ಗೊಣಗುತ್ತಿದ್ದಾಗ ನಮ್ಮ ಯಜಮಾನರು ಎದೆ ಸೆಟೆಸಿ ಎದ್ದು ನಿಂತು ಮೇಜು ಗುದ್ದಿದರು.

"ಹೆದರೋನು ಕಳ್ಳ! ಬಾಡಿಗೆಯವರನ್ನ ನಾನು ಮನೆ ಮಕ್ಕಳ ಹಾಗೆ ನೋಡ್ಕೊಂಡಿದೀನಿ. ತಪಾಸಣೆ ನನ್ನ ಮನೆಯಿಂದಲೇ ಶುರುವಾಗ್ಲಿ!"

ಚಪ್ಪಾಳೆಯೋ ಚಪ್ಪಾಳೆ! ಯಜಮಾನರು ಆ ಚಪ್ಪಾಳೆಯನ್ನು ಕಿವಿಯಲ್ಲೇ ಇಟ್ಟುಕೊಂಡು ಮನೆಗೆ ಬಂದು, ಎರಡು ಲೋಟ ಚಹಾ ಕುಡಿದು, ಹೆಂಡತಿಗೆ ಇಡೀ ಭಾಷಣವನ್ನು ಮೂರು ಸಲ ಒಪ್ಪಿಸಿದರು. ನಗರಸಭೆಯ ಕೆಲಸ ಗೊತ್ತಲ್ಲ, ಇನ್ನು ಐದು ವರ್ಷ ಯಾರೂ ಈ ಕಡೆ ತಲೆ ಹಾಕುವುದಿಲ್ಲ ಎಂಬುದು ಅವರ ಲೆಕ್ಕ. ಹತ್ತನೇ ದಿನಕ್ಕೆ ನೋಟಿಸು ಬಂತು. ಶನಿವಾರ ಬೆಳಗ್ಗೆ ಹತ್ತು ಗಂಟೆಗೆ ತಪಾಸಣೆ. ಮನೆ ಸರಿಯಿದ್ದರೆ ಬಾಗಿಲಿಗೆ ಹಸಿರು ಚೀಟಿ. ಇಲ್ಲದಿದ್ದರೆ "ವಾಸಕ್ಕೆ ಯೋಗ್ಯವಲ್ಲ" ಎಂಬ ಕೆಂಪು ಚೀಟಿ. ಕೆಂಪು ಚೀಟಿಯವರ ಹೆಸರನ್ನು ಮುಂದಿನ ವಾರ್ಡ್ ಸಭೆಯಲ್ಲಿ ಓದಲಾಗುವುದು, ಅದೂ ಮೈಕಿನಲ್ಲಿ!

ಯಜಮಾನರು ನೋಟಿಸನ್ನು ಮಡಚಿ ಜೇಬಿಗೆ ತುರುಕಿದರು. ತುರುಕದೆ ಏನು ಮಾಡಿಯಾರು? ಕೆಳಗಿನ ಮನೆಯಲ್ಲಿ ಅವರೂ ಹೆಂಡತಿಯೂ ಇದ್ದರು. ಮೇಲಿನದು ಬಾಡಿಗೆಗೆ. ಅಲ್ಲಿ ಒಬ್ಬ ಬಸ್ ಕಂಡಕ್ಟರು, ಅವನ ವಯಸ್ಸಾದ ತಾಯಿ. ತಾರಸಿಯ ಮೇಲೆ ನೀರಿನ ಟ್ಯಾಂಕು, ಟ್ಯಾಂಕಿನ ಕೆಳಗೆ ಬಿರುಕು, ಬಿರುಕಿನ ಕೆಳಗೆ ಆ ಅಜ್ಜಿಯ ಮಂಚ. ಟ್ಯಾಂಕು ತುಂಬಿದಾಗಲೆಲ್ಲ ಅಜ್ಜಿಯ ಹಾಸಿಗೆ ಒದ್ದೆ.

"ಎರಡು ವರ್ಷದಿಂದ ಕಂಡಕ್ಟರ್ ಬಾಯಿ ಬಡ್ಕೋತಿದಾರೆ, ಮೇಲೆ ಸೋರುತ್ತೆ ಅಂತ," ಎಂದರು ಹೆಂಡತಿ.

"ಸೋರೋದಲ್ಲ ಕಣೇ. ಗೋಡೆ ಸ್ವಲ್ಪ ಬೆವರುತ್ತೆ, ಅಷ್ಟೇ."

"ಒಂದು ಸಲ ಹತ್ತಿ ನೋಡಿದೀರಾ?"

"ನೋಡಿದ್ರೆ ರಿಪೇರಿ ಮಾಡಿಸ್ಬೇಕಾಗುತ್ತಲ್ಲೇ!"

ಮಾಲೀಕನ ಕಣ್ಣಿಗೆ ಬೀಳದ ಸೋರಿಕೆ ಸೋರಿಕೆಯೇ ಅಲ್ಲ ಎಂಬುದು ಯಜಮಾನರ ಸಿದ್ಧಾಂತವಾಗಿತ್ತು. ಊರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡುವ ಮನುಷ್ಯ ಎರಡು ವರ್ಷದಲ್ಲಿ ಹದಿನಾರು ಮೆಟ್ಟಿಲು ಹತ್ತಿರಲಿಲ್ಲ. ಅಜ್ಜಿಗೆ ಮಂಡಿನೋವು, ಇಳಿಯುವ ಹಾಗಿಲ್ಲ. ಹೀಗಾಗಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದೇ ಇಲ್ಲ.

ಶುಕ್ರವಾರ ಮಧ್ಯಾಹ್ನ ಅಂಗಡಿಯಲ್ಲಿ ಒಬ್ಬರ ಕನ್ನಡಕಕ್ಕೆ ಇನ್ನೊಬ್ಬರ ಗಾಜು ಕೂರಿಸುತ್ತಿದ್ದಾಗ ಯಜಮಾನರ ತಲೆಯಲ್ಲಿ ಫಳಕ್ಕನೆ ಒಂದು ಉಪಾಯ ಹೊಳೆಯಿತು. ಓಡೋಡಿ ಬಂದು ಕಂಡಕ್ಟರನ್ನು ಗೇಟಿನಲ್ಲೇ ಹಿಡಿದರು.

"ನಾಳೆ ಎರಡೇ ಗಂಟೆ. ನೀವು ಕೆಳಗೆ, ನಾವು ಮೇಲೆ. ಕೇಳಿದ್ರೆ ಕೆಳಗಿನದು ಬಾಡಿಗೆ ಮನೆ, ಮೇಲಿನದು ನಮ್ಮ ಮನೆ. ತಪಾಸಣೆಗೆ ನಗರಸಭೆ ಮೇಡಂ ಬಂದು ಕೆಳಗಿನದನ್ನ ನೋಡ್ತಾರೆ, ಹಸಿರು ಚೀಟಿ ಅಂಟಿಸ್ತಾರೆ, ಹೋಗ್ತಾರೆ. ಆಮೇಲೆ ನಿಮ್ಮ ಮನೆಗೆ ನೀವು, ನಮ್ಮ ಮನೆಗೆ ನಾವು!"

"ಸುಳ್ಳಲ್ವಾ ಸಾರ್ ಅದು?"

"ಕೆಂಪು ಚೀಟಿ ಅಂಟಿದ್ರೆ ಮನೆ ಖಾಲಿ ಮಾಡ್ಬೇಕಾಗೋದು ನೀವೇ. ಅಮ್ಮನ್ನ ಕಟ್ಕೊಂಡು ಎಲ್ಲಿಗೆ ಹೋಗ್ತೀರಿ?"

ಕಂಡಕ್ಟರು ಮೇಲಿನ ಕಿಟಕಿಯತ್ತ ನೋಡಿದ. ಈ ಪೇಟೆಯಲ್ಲಿ ಇನ್ನೊಂದು ಮನೆ ಸಿಗುವುದು ಅಷ್ಟು ಸುಲಭವಲ್ಲ, ಅದರಲ್ಲೂ ಮಂಡಿ ಹಿಡಿದ ತಾಯಿಯನ್ನು ಇಟ್ಟುಕೊಂಡು. "ಆಮೇಲಾದ್ರೂ ರಿಪೇರಿ ಮಾಡಿಸ್ತೀರಲ್ಲ ಸಾರ್?" ಎಂದ. "ಖಂಡಿತ!" ಎಂದರು ಯಜಮಾನರು. ಖಂಡಿತ ಎಂಬ ಪದವನ್ನು ಅವರು ಅಂಗಡಿಯಲ್ಲೂ ದಿನಕ್ಕೆ ಇಪ್ಪತ್ತು ಸಲ ಬಳಸುತ್ತಿದ್ದರು.

ಶನಿವಾರ ಬೆಳಗ್ಗೆ ಅಜ್ಜಿಯನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ ಕೆಳಗಿಳಿಸುವ ಕಾರ್ಯಕ್ರಮ. ಹಿಂದೆ ಕಂಡಕ್ಟರು, ಮುಂದೆ ಯಜಮಾನರು. ಮೂರನೇ ಮೆಟ್ಟಿಲಿಗೇ ಯಜಮಾನರ ಸೊಂಟ ಹಿಡಿಯಿತು.

"ಪಾಪ, ಯಾರಪ್ಪ ನೀನು?" ಎಂದು ಕೇಳಿತು ಅಜ್ಜಿ.

ಯಜಮಾನರು ಆಗಲೇ ಪಾಠ ಬಾಯಿಪಾಠ ಮಾಡುತ್ತಿದ್ದರು. ಏದುಸಿರು ಬಿಡುತ್ತಾ, "ಮೇಲಿನ ಮನೆಯವನು ಅಜ್ಜಿ," ಎಂದುಬಿಟ್ಟರು.

"ಓ, ನಾವು ಬಿಟ್ಟ ಮನೆಗೆ ಬಂದೋನಾ? ದೇವರು ಚೆನ್ನಾಗಿಟ್ಟಿರಲಿ," ಎಂದು ಅಜ್ಜಿ ಅವರ ಬೋಳುತಲೆ ಸವರಿತು. ಕುರ್ಚಿ ಕೆಳಗಿಟ್ಟ ಮೇಲೆ ಕಂಡಕ್ಟರು ಯಜಮಾನರ ಕಿವಿಯಲ್ಲಿ ಪಿಸುಗುಟ್ಟಿದ: "ಅಮ್ಮಂಗೆ ಸುಳ್ಳು ಹೇಳೋಕೆ ಬರಲ್ಲ ಸಾರ್. ಅದಕ್ಕೇ ನಿಜ ಹೇಳಿಲ್ಲ. ಕೆಳಗಿನ ಮನೆಗೆ ಹೋಗ್ತಿದೀವಿ ಅಂದಿದೀನಿ, ಅಷ್ಟೇ."

ಒಂಬತ್ತೂವರೆಗೆ ಯಜಮಾನರು ಕೊನೆಯ ಸಿದ್ಧತೆ ಮಾಡಿದರು. ನಲ್ಲಿಯಲ್ಲಿ ನೀರು ಭೋರ್ಗರೆದು ಬರಬೇಕು, ಮೇಡಂ ಬೆರಗಾಗಬೇಕು! ಅಡುಗೆಮನೆ ಬಾಗಿಲ ಹಿಂದಿನ ಮೋಟಾರ್ ಸ್ವಿಚ್ ಒತ್ತಿ, ಅದನ್ನು ಅಲ್ಲೇ ಮರೆತು, ಹೆಂಡತಿಯೊಂದಿಗೆ ಮೇಲೆ ಹೋದರು. ಮೇಲೆ ನೋಡಿದರೆ ನೆಲದ ತುಂಬಾ ಪಾತ್ರೆಗಳು! ಬೋಗುಣಿ ಒಂದು ಕಡೆ, ಬಕೆಟ್ಟು ಒಂದು ಕಡೆ, ಮಂಚದ ಮೇಲೊಂದು ತಟ್ಟೆ. ಒಟ್ಟು ಏಳು.

"ಇದೇನೇ ಹರವಿಕೊಂಡಿದಾರೆ! ಮಾಲೀಕರ ಮನೆ ಹೀಗಿರುತ್ತಾ?" ಎಂದು ಯಜಮಾನರು ಏಳನ್ನೂ ಒಂದರೊಳಗೊಂದು ಸೇರಿಸಿ ಮೂಲೆಗೆ ಒತ್ತರಿಸಿದರು. "ಅದನ್ನ ಹಾಗೇ ಬಿಡಿ ರೀ," ಎಂದ ಹೆಂಡತಿಯ ಮಾತು ಕಿವಿಗೆ ಬೀಳಲಿಲ್ಲ.

ಹತ್ತಕ್ಕೆ ಸರಿಯಾಗಿ ತಪಾಸಣೆ ಮೇಡಂ ಬಂದರು. ಕೈಯಲ್ಲಿ ಟಾರ್ಚು, ಕಂಕುಳಲ್ಲಿ ಫೈಲು, ಮುಖದಲ್ಲಿ ನಗುವಿಗೆ ಜಾಗವೇ ಇಲ್ಲ. ಯಜಮಾನರು ಮೆಟ್ಟಿಲ ತಿರುವಿನಲ್ಲಿ ಉಸಿರು ಬಿಗಿಹಿಡಿದು ಕಿವಿಗೊಟ್ಟು ನಿಂತರು.

"ಇದು ಯಾರ ಫೋಟೋ?" ಕೆಳಗಿನಿಂದ ಮೇಡಂ ದನಿ.

ಯಜಮಾನರ ಜೀವ ಹಾರಿಹೋಯಿತು. ಹಾಲ್‌ನ ಗೋಡೆ ಮೇಲೆ ಅವರ ಮದುವೆಯ ಫೋಟೋ! ತೆಗೆಯುವುದು ಮರೆತೇಹೋಗಿತ್ತು! ತಲೆತುಂಬ ಕೂದಲಿದ್ದ ಕಾಲದ್ದು ಎಂಬುದೊಂದೇ ಸಮಾಧಾನ.

"ಅದು... ಓನರ್ ಅವರದ್ದು ಮೇಡಂ," ಎಂದ ಕಂಡಕ್ಟರು.

"ನಿಮ್ಮ ಹಾಲ್‌ನಲ್ಲಿ ಓನರ್ ಮದುವೆ ಫೋಟೋ ಯಾಕೆ?"

"ಗೌರವ, ಮೇಡಂ."

ಪೆನ್ನು ಕಾಗದದ ಮೇಲೆ ಓಡಿದ ಸದ್ದು ಕೇಳಿಸಿತು. ಮೇಡಂ ಒಳಕೋಣೆಗೆ ಹೋಗಿ ಮಂಚದ ಮೇಲೆ ಅಜ್ಜಿಯ ಪಕ್ಕ ಕುಳಿತರು. "ಮನೆ ಹೇಗಿದೆ ಅಜ್ಜಿ? ಹೆದರ್ಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ."

"ಸ್ವರ್ಗ ಕಣೇ ತಾಯಿ! ಎಷ್ಟು ಒಣಗಿದೆ ನೋಡು! ಹಾಸಿಗೆ ಮುಟ್ಟಿ ನೋಡು, ಬೆಚ್ಚಗಿದೆ!"

ಬಾಡಿಗೆಯವರು ಮನೆಯನ್ನು ಹೊಗಳುವಾಗ ಒಣಗಿದೆ ಎಂದು ಯಾಕೆ ಹೊಗಳುತ್ತಾರೆ ಎಂದು ಮೇಡಂ ಯೋಚಿಸುವಷ್ಟರಲ್ಲಿ, ಮೆಟ್ಟಿಲ ಮೇಲಿದ್ದ ಯಜಮಾನರಿಗೆ ಹೆಂಡತಿಯ ಕೂಗು ಕೇಳಿಸಿತು. "ರೀ! ಬನ್ನಿ ಇಲ್ಲಿ! ಬೆವರ್ತಾ ಇದೆ ನಿಮ್ಮ ಗೋಡೆ!"

ಓಡಿಹೋಗಿ ನೋಡಿದರೆ ಟ್ಯಾಂಕು ತುಂಬಿ ಹರಿದು, ಏಳು ಕಡೆಯಿಂದ ನೀರು ಧೋ ಎನ್ನುತ್ತಿದೆ. ಏಳು ಪಾತ್ರೆಗಳೂ ಮೂಲೆಯಲ್ಲಿ ಒಂದರೊಳಗೊಂದು ಒಣಗಿ ಕೂತಿವೆ! ಯಾವ ಪಾತ್ರೆ ಯಾವ ಜಾಗದ್ದೋ ಯಾರಿಗೆ ಗೊತ್ತು? ಯಜಮಾನರು ಬೋಗುಣಿ ಹಿಡಿದು ಅತ್ತ ಓಡಿದರೆ ಇತ್ತ, ಇತ್ತ ಓಡಿದರೆ ಅತ್ತ. ಕಡೆಗೆ ಕೈಕಾಲು ಆಡದೆ, ಬೋಗುಣಿಯನ್ನು ತಲೆಯ ಮೇಲೆ ಇಟ್ಟುಕೊಂಡೇ ಮೆಟ್ಟಿಲಿಳಿದು ಕಿರುಚಿದರು: "ಮೋಟಾರ್ ಆಫ್ ಮಾಡ್ರೀ!"

"ಸ್ವಿಚ್ ಎಲ್ಲಿದೆ ಸಾರ್?" ಕಂಡಕ್ಟರು ಒಂದೊಂದೇ ಬಾಗಿಲು ತೆಗೆದ. ಕಪಾಟಿನಿಂದ ಯಜಮಾನರ ಆರು ಪ್ಯಾಂಟು ದಬದಬನೆ ಬಿದ್ದವು.

"ನಿಮ್ಮ ಮನೆ ಸ್ವಿಚ್ ನಿಮಗೇ ಗೊತ್ತಿಲ್ವಾ?" ಮೇಡಂ ಹುಬ್ಬು ಗಂಟಿಕ್ಕಿದರು.

"ಓನರ್ ಅವರೇ ದಿನಾ ಇಳಿದು ಬಂದು ಹಾಕ್ತಾರೆ ಮೇಡಂ. ನಮಗೆ ಒಂಚೂರೂ ತೊಂದರೆ ಕೊಡಲ್ಲ."

"ಈ ಪ್ಯಾಂಟುಗಳು?"

"ಅವೂ ಅವರೇ ಕೊಟ್ಟಿದ್ದು."

ಅಷ್ಟರಲ್ಲಿ ಯಜಮಾನರೇ ಅಡುಗೆಮನೆಗೆ ನುಗ್ಗಿ ಸ್ವಿಚ್ ಆರಿಸಿ ಬಂದರು. ಮೇಡಂ ಮುಖ ಮೆತ್ತಗಾಯಿತು. ಬೋಗುಣಿ ಹೊತ್ತ ಮಾಲೀಕರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಡೀರಿ, ಮೇಲಿನದನ್ನೂ ನೋಡಿಬಿಡೋಣ."

"ಮೇಲೇನಿದೆ ಮೇಡಂ ನೋಡೋಕೆ! ನಮ್ಮದೇ ಸ್ವಂತ ಮನೆ!"

"ಇಡೀ ಕಟ್ಟಡ ನೋಡ್ಬೇಕು ಅಂತ ನಿಯಮ. ನೋಟಿಸಿನ ಹಿಂದಿನ ಪುಟ ಓದಿಲ್ವಾ?"

ಗಿರಾಕಿಗಳಿಂದ ಸಾಸಿವೆಯಷ್ಟು ಚಿಕ್ಕ ಅಕ್ಷರ ಓದಿಸುವ ಮನುಷ್ಯ ಪುಟ ತಿರುಗಿಸಿಯೇ ಇರಲಿಲ್ಲ. ಅನಿವಾರ್ಯ, ಹತ್ತಿದರು. ಅಡುಗೆಮನೆ ತೋರಿಸಿ ಎಂದರೆ ಯಜಮಾನರು ಗತ್ತಿನಿಂದ ಬಚ್ಚಲ ಬಾಗಿಲು ತೆಗೆದರು. ಲೈಟು ಹಾಕಿ ಎಂದರೆ ಫ್ಯಾನು ಹಾಕಿದರು, ಫ್ಯಾನು ಸುತ್ತಲೂ ನೀರು ಎರಚಿತು.

"ಎಷ್ಟು ವರ್ಷದಿಂದ ಇಲ್ಲಿ ವಾಸ?" ಮೇಡಂ ಮುಖ ಒರೆಸಿಕೊಂಡು ಕೇಳಿದರು.

"ಇಪ್ಪತ್ತು," ಎಂದರು ಯಜಮಾನರು. "ಎರಡು," ಎಂದರು ಹೆಂಡತಿ, ಅದೇ ಹೊತ್ತಿಗೆ.

"ಇಪ್ಪತ್ತೆರಡು!" ಎಂದು ಯಜಮಾನರು ಕೂಡಿಸಿ ಹೇಳಿದರು.

ಆಗಲೇ ಸೂರಿನಿಂದ ಅಂಗೈಯಗಲದ ಗಾರೆ ಕಳಚಿ ದಪ್ಪೆಂದು ಮಂಚದ ಮೇಲೆ ಬಿತ್ತು, ತಲೆದಿಂಬಿನ ಮೇಲೆಯೇ. ಯಜಮಾನರು ಆ ತಲೆದಿಂಬನ್ನು ನೋಡಿದರು. ನಿನ್ನೆ ಅಲ್ಲಿ ಯಾರ ತಲೆ ಇತ್ತು ಎಂಬುದು ಹೊಳೆಯಿತು. ನಿಜ ಹೇಳಿಬಿಡಲೇ ಎಂದು ಬಾಯಿ ತೆರೆದರು. ಮೈಕು ನೆನಪಾಯಿತು. ಮುಚ್ಚಿದರು.

ಮೇಡಂ ಕಣ್ಣಲ್ಲಿ ನೀರು! ಸೂರಿನದಲ್ಲ, ಅವರದೇ. "ಬಾಡಿಗೆಯವರನ್ನ ಅರಮನೆಯಂಥ ಮನೇಲಿಟ್ಟು, ನೀವು ಇಪ್ಪತ್ತೆರಡು ವರ್ಷ ಈ ನರಕದಲ್ಲಿ! ಇಂಥ ಓನರ್‌ನ ನನ್ನ ಸರ್ವಿಸಲ್ಲೇ ನೋಡಿಲ್ಲ ಸಾರ್!"

"ಏನೋ, ನಮ್ಮ ಕೈಲಾದಷ್ಟು," ಎಂದರು ಯಜಮಾನರು.

ಮೇಡಂ ಅಲ್ಲೇ ನಿಂತು ಬರೆದರು. ಕೆಳಗಿನ ಮನೆ: ಬಾಡಿಗೆದಾರರು, ಕಂಡಕ್ಟರ್ ಮತ್ತು ತಾಯಿ, ಅತ್ಯುತ್ತಮ, ಹಸಿರು ಚೀಟಿ. ಮೇಲಿನ ಮನೆ: ಮಾಲೀಕರ ಸ್ವಂತ ವಾಸ, ಸ್ವಂತ ಮನೆಗೆ ಕೆಂಪು ಚೀಟಿ ಇಲ್ಲ, ಆದರೆ ರಿಪೇರಿಯಾಗಿ ಮರುತಪಾಸಣೆ ಆಗುವವರೆಗೆ ಇಲ್ಲಿ ಬಾಡಿಗೆದಾರರನ್ನು ಇಡತಕ್ಕದ್ದಲ್ಲ.

"ಅಂದ್ರೆ ಕೆಳಗಿನವರು ಮೇಲೆ ಬರೋ ಹಾಗಿಲ್ವಾ?" ಯಜಮಾನರ ಧ್ವನಿ ಸಣ್ಣಗಾಯಿತು.

"ಅವರ್ಯಾಕೆ ಬರ್ತಾರೆ ಸಾರ್? ನಡುನಡುವೆ ನಾನು ಹೇಳದೆ ಕೇಳದೆ ಬಂದು ನೋಡ್ತಿರ್ತೀನಿ. ನಿಮ್ಮಂಥೋರಿಗೆ ಯಾರೂ ತೊಂದರೆ ಕೊಡಬಾರ್ದು."

ಕೆಳಗಿನ ಬಾಗಿಲಿಗೆ ಕಂಡಕ್ಟರನ ಹೆಸರಿನ ಹಸಿರು ಚೀಟಿ ಅಂಟಿಸಿ ಮೇಡಂ ಹೊರಟರು. ಯಜಮಾನರು ತಮ್ಮ ಮನೆ ಬಾಗಿಲಲ್ಲಿ ನಿಂತು, ಒಳಗೆ ಹೋಗಬೇಕೋ ಹೊರಗೆ ನಿಲ್ಲಬೇಕೋ ತಿಳಿಯದೆ, ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು, ಮತ್ತೆ ಹಾಕಿಕೊಂಡು, ಮತ್ತೆ ಬಿಟ್ಟರು.

"ಬನ್ನಿ ಸಾರ್ ಒಳಗೆ, ನಿಮ್ಮದೇ ಮನೆ ಅಂದ್ಕೊಳ್ಳಿ," ಎಂದ ಕಂಡಕ್ಟರು. ಅಂದ ಮೇಲೆ ನಾಲಗೆ ಕಚ್ಚಿಕೊಂಡ.

ಯಜಮಾನರು ಆ ದಿನವೇ ಗಾರೆ ಮೇಸ್ತ್ರಿಗೆ ಹನ್ನೊಂದು ಸಲ ಫೋನ್ ಮಾಡಿದರು. ಮೇಸ್ತ್ರಿ ಶುಕ್ರವಾರ ಬರುತ್ತೇನೆಂದ. ಟ್ಯಾಂಕು ತುಂಬಿಸದೆ ಇರೋಣವೆಂದರೆ ಕುಡಿಯಲು ನೀರಿಲ್ಲ. ಒಂದು ರಾತ್ರಿ ಇಬ್ಬರೂ ಮೇಲೇ ನೆನೆದು ಮಲಗಿದ್ದಾಯಿತು. ಭಾನುವಾರ ಹೆಂಡತಿ ತಮ್ಮ ಬಟ್ಟೆಯ ಗಂಟು ಎತ್ತಿಕೊಂಡರು.

"ಎಲ್ಲಿಗೇ?"

"ಕೆಳಗೆ. ಕಂಡಕ್ಟರ್ ಡ್ಯೂಟಿಗೆ ಹೋದ್ರೆ ಅಜ್ಜಿ ಒಂಟಿ. ಜೊತೆಗಿರ್ತೀಯಾ ಅಂತ ಕೇಳಿದ್ರು, ಹ್ಞೂಂ ಅಂದೆ."

"ನಾನು?"

"ನೀವು ಮಾಲೀಕರಲ್ವಾ! ನಿಮ್ಮ ಸ್ವಂತ ಮನೇಲಿರಿ. ಮೇಡಂ ಬಂದ್ರೆ ಯಾರಾದ್ರೂ ಒಬ್ಬರು ಇಲ್ಲಿರ್ಬೇಕಲ್ಲ."

ಸೋಮವಾರ ಬೆಳಗ್ಗೆ ಯಜಮಾನರು ಒದ್ದೆ ತಲೆದಿಂಬನ್ನು ಕಂಕುಳಲ್ಲಿ ಇರುಕಿಕೊಂಡು, ಸೀನುತ್ತಾ, ಕೆಳಗಿಳಿದು ಬಾಗಿಲು ತಟ್ಟಿದರು. ಅಜ್ಜಿ ಬಾಗಿಲ ಬಳಿಯೇ ಕುರ್ಚಿ ಹಾಕಿಸಿಕೊಂಡು ಬಿಸಿಲಿಗೆ ಮೈ ಕಾಯಿಸುತ್ತಿತ್ತು. ಹಿಂದೆ ಅಡುಗೆಮನೆಯಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದರು.

"ಮೇಲೆ ಬಹಳ ಸೋರುತ್ತೆ ಅಜ್ಜಿ. ಮಂಚ ಪೂರ್ತಿ ಒದ್ದೆ. ಸ್ವಲ್ಪ ಮೋಟಾರು ಆಫ್..." ಎಂದು ಯಜಮಾನರು ತಲೆದಿಂಬು ಹಿಂಡಿದರು.

"ಅಯ್ಯೋ ಮಗನೇ, ಓನರ್‌ಗೆ ಹೇಳೋಕೆ ಮಾತ್ರ ಹೋಗ್ಬೇಡ," ಎಂದು ಅಜ್ಜಿ ಅವರ ಕೈ ಹಿಡಿದುಕೊಂಡಿತು. "ನನ್ನ ಮಗ ಹೇಳಿ ಹೇಳಿ ಸೋತ. ಆ ಪುಣ್ಯಾತ್ಮ ಒಂದು ದಿನ ಹತ್ತಿ ಬಂದು ನೋಡ್ಲಿಲ್ಲ."

ಯಜಮಾನರು ಹೆಂಡತಿಯ ಕಡೆ ನೋಡಿದರು. ಹೆಂಡತಿ ಸೌಟಿನ ಕಡೆ ನೋಡಿದರು.

"ಅಷ್ಟು ಕೆಟ್ಟವನಾ ಅಜ್ಜಿ ಅವನು?"

"ಯಾರಿಗೆ ಗೊತ್ತಪ್ಪ, ಮುಖಾನೇ ಕಂಡಿಲ್ಲ. ನೀನು ಒಂದು ಕೆಲಸ ಮಾಡು, ಮಂಚಾನ ಕಿಟಕಿ ಕಡೆ ಎಳ್ಕೊ. ಆಗ ನೀರು ಕಾಲ ಮೇಲೆ ಮಾತ್ರ ಬೀಳುತ್ತೆ." ಅಜ್ಜಿ ಅವರ ಒದ್ದೆ ತಲೆಯನ್ನು ತನ್ನ ಕೈಯಿಂದಲೇ ಒರೆಸಿತು. "ಅಳ್ಬೇಡ ಮಗ. ಮೊದಲ ಎರಡು ವರ್ಷ ಕಷ್ಟ ಆಗುತ್ತೆ, ಅಷ್ಟೇ."